ಹನ್ನೆರಡು ಖಾಲಿ ಆವರ್ತಗಳು

ಒಂದು ಕಾಲುಚೀಲ ಕಂದು, ಇನ್ನೊಂದು ನೀಲಿ, ಹಲ್ಲಿನ ಡಾಕ್ಟರಿಗೆ ಇದು ಗೊತ್ತಿದೆಯೋ ಇಲ್ಲವೋ, ಕ್ಲಾರಿನೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಎಷ್ಟು ಗಂಭೀರವಾಗಿ ಕೂತಿದ್ದಾರೆ, ವೇದಿಕೆ ಮೇಲೆ, ಇಷ್ಟು ಜನರೆದುರು — ಅಯ್ಯೋ, ಎಷ್ಟನೇ ಆವರ್ತ ಇದು, ಐದೋ ಆರೋ, ಹೋಯಿತು, ಎಣಿಕೆ ಹೋಯಿತು, ಕಾಲುಚೀಲಕ್ಕೆ ಹೋದ ಮಾನ ಆನೆ ಕೊಟ್ಟರೂ ಬರದು, ಹನ್ನೆರಡು ಆವರ್ತ ನಾವು ನಾಲ್ವರೂ ಸುಮ್ಮನಿರಬೇಕು, ಬಸ್ ಡ್ರೈವರಣ್ಣ ಊದುವ ಹಾರ್ನ್, ಬಸ್ಸಿನದಲ್ಲ, ಸುರುಳಿ ಸುತ್ತಿದ ಹಿತ್ತಾಳೆಯದು, ಅದು ಮಾತ್ರ ಒಂದೇ ಸ್ವರ ಹಿಡಿದಿರಬೇಕು, ಹದಿಮೂರಕ್ಕೆ ನಾನು ಈ ಎದೆಯೆತ್ತರದ ಬಸೂನ್ ಎತ್ತಿ ಉಸಿರೆಳೆದರೆ ಅದೇ ಸನ್ನೆ, ಅಕ್ಕನ ಕೊಳಲು, ಮೇಷ್ಟ್ರ ಓಬೋ, ಡಾಕ್ಟರ ಕ್ಲಾರಿನೆಟ್ ಎಲ್ಲ ನನ್ನ ಜೊತೆ ಒಂದೇ ಸಲ, ಹಾಗಂತ ಗೊತ್ತುಮಾಡಿದ್ದು ಈ ಕೃತಿ ಬರೆದ ಮೇಡಂ, ಅಗೋ ಮೊದಲ ಸಾಲಿನಲ್ಲಿ ಕೂತಿದ್ದಾರೆ, ಈ ಹುಡುಗಿ ಎಣಿಕೇಲಿ ತಪ್ಪೋದಿಲ್ಲ ಅಂತ, ನಾನು ಮದ್ದಿನಂಗಡಿಯಲ್ಲಿ ಮಾತ್ರೆಗಳನ್ನು ಎರಡೆರಡು ಸಲ ಎಣಿಸುವವಳು, ಬೀಗ ಹಾಕಿ ಅರ್ಧ ದಾರಿ ಬಂದು ಮತ್ತೆ ಹೋಗಿ ಜಗ್ಗಿ ನೋಡುವವಳು, ಬೇಡ ಮೇಡಂ, ನಾನು ಬರೀ ಸಂಜೆ ಸಂಗೀತ ತರಗತಿಯವಳು ಅಂದರೆ ಮೇಷ್ಟ್ರು, ನಾವೆಲ್ಲ ಸಂಜೆ ತರಗತಿಯವರೇ ಕಣಮ್ಮ, ನಾನು ಕಲಿಸೋನು ಅಷ್ಟೇ. ಡ್ರೈವರಣ್ಣನ ಕಿವಿ ಕೆಂಪಾಯಿತು, ಈಗ ಕೆನ್ನೆ, ತಡೆದುಕೊಳ್ಳಿ ಅಣ್ಣಾ, ಅವರು ಕಣ್ಣಲ್ಲೇ ಬೇಗಮ್ಮಾ ಬೇಗ ಅನ್ನುತ್ತಿದ್ದಾರೆ, ಸ್ವರ ನಡುಗುತ್ತಿದೆ, ಹಾಳೆ ನೋಡಿ ಏನು ಬಂತು, ಖಾಲಿ ಆವರ್ತಗಳೆಲ್ಲ ಅವಳಿಜವಳಿ, ಅಕ್ಕ ಕಣ್ಣು ಮಿಟುಕಿಸಿದಳೋ ದೂಳು ಬಿತ್ತೋ, ಬೇಗ ಎತ್ತಿದರೆ ನಾನೊಬ್ಬಳೇ ಎಮ್ಮೆಯಂತೆ ಕೂಗುತ್ತೇನೆ, ತಡವಾದರೆ ಅಣ್ಣನ ಉಸಿರು ಮುಗಿದು ಮೇಡಂ ಕಣ್ಣೆದುರೇ ಅವರ ಕೃತಿ ಕುಸಿಯುತ್ತದೆ — ಎಳೆದೆ, ಎಣಿಸಿದ ಉಸಿರಲ್ಲ, ಹೆದರಿದ ಉಸಿರು, ಮೂರು ಹೆಗಲು ಮೇಲೆದ್ದವು, ಒಟ್ಟಿಗೆ.

ಆಮೇಲೆ ಏನಾಯಿತೋ, ಕೊಳಲು ಹಾರಿತು, ಓಬೋ ಮೂಗಿನಲ್ಲೇ ಗೊಣಗಿತು, ಕ್ಲಾರಿನೆಟ್ ನಗುತ್ತ ಜಾರಿತು, ನನ್ನ ಬಸೂನ್ ತಳದಲ್ಲಿ ದಪ್ಪ ಚಿಕ್ಕಪ್ಪನ ಹಾಗೆ ಕುಣಿಯಿತು, ಅಂದರೆ ಸರಿಯಾಗಿಯೇ ಎತ್ತಿದೆನೇ, ನಾನೇ, ಚಪ್ಪಾಳೆ, ಮೇಡಂ ನಿಂತುಕೊಂಡು ತಟ್ಟುತ್ತಿದ್ದಾರೆ, ಬಾಯಿತುಂಬ ನಗು, ಬಾಗಿ ವಂದಿಸುವಾಗ ಅಕ್ಕ ಕಿವಿಯಲ್ಲಿ, ಲೇ, ಹತ್ತಕ್ಕೇ ಎತ್ತಿಬಿಟ್ಟೆಯಲ್ಲೇ, ಮೂರು ಆವರ್ತ ನುಂಗಿ ನೀರು ಕುಡಿದೆ, ಡಾಕ್ಟರು, ಹೂಂ, ನನ್ನ ಲೆಕ್ಕದಲ್ಲೂ ಹತ್ತೇ, ಮೇಷ್ಟ್ರು, ನನ್ನದರಲ್ಲೂ, ನಾನು, ಗೊತ್ತಿದ್ದೂ ಯಾಕೆ ನನ್ನ ಜೊತೆ ಬಂದ್ರಿ ಮತ್ತೆ, ಅಕ್ಕ, ನೀನು ಉಸಿರೆಳೆದ್ಯಲ್ಲೇ, ನಿನ್ನೊಬ್ಬಳನ್ನೇ ಬಿಟ್ಟುಬಿಡೋದಾ, ಡ್ರೈವರಣ್ಣ ಬೆವರು ಒರೆಸುತ್ತ, ಪುಣ್ಯ ಕಟ್ಕೊಂಡ್ರಿ ಕಣಮ್ಮಾ, ಇನ್ನೊಂದಾಗಿದ್ರೆ ನನ್ನನ್ನ ಹೊತ್ಕೊಂಡೇ ಹೋಗ್ಬೇಕಿತ್ತು, ನಾನೂ ನಗುತ್ತೇನೆ, ತಪ್ಪಿದೆ, ಕೊನೆಗೂ ತಪ್ಪಿದೆ, ಜನ ಇನ್ನೂ ತಟ್ಟುತ್ತಲೇ ಇದ್ದಾರೆ, ತಪ್ಪೆಂದು ಮೂವರಿಗೂ ಗೊತ್ತಿತ್ತು, ಒಬ್ಬರೂ ಹಿಂದುಮುಂದು ನೋಡಲಿಲ್ಲ, ನನ್ನ ಹೆದರಿದ ಉಸಿರಿಗೆ, ಗೊತ್ತಿದ್ದೂ, ಮೂರು ಹೆಗಲು, ಒಟ್ಟಿಗೆ, ಮೂರು ಹೆಗಲು —