ಎರಡನೆಯ ದಿನದ ಕರೆ

ಹೊಸ ವರ್ಷದ ಎರಡನೆಯ ದಿನ ಮದುವೆಯಾದ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಾರೆ. ಸುಮ್ಮನೆ ಬಂದುಬಿಡುವಂತಿಲ್ಲ. ಅಣ್ಣನೋ ತಮ್ಮನೋ ಹೋಗಿ ಕರೆಯಬೇಕು, ಅದೂ ಮೊದಲು ಅಳಿಯನನ್ನು, ಆಮೇಲೆ ಅವಳನ್ನು. ಕರೆಯದೆ ಬಂದವಳನ್ನು ಚಿಯಾಯಿ ಊರಿನ ಜನ ವರ್ಷವಿಡೀ ಆಡಿಕೊಳ್ಳುತ್ತಾರೆ. ಊದುಬತ್ತಿ ಮಾಡುವ ಬೂನ್‌ಹೋಕ್ ತನ್ನ ತಂಗಿ ಖಿಮ್‌ಳನ್ನು ಹತ್ತು ಹನ್ನೆರಡು ವರ್ಷಗಳಿಂದ ಒಂದು ಸಲವೂ ಕರೆದಿರಲಿಲ್ಲ. ಯಾಕೆಂದರೆ ಅವಳ ಗಂಡ ಚೌ ಆಚೆಯವನು. ಯುದ್ಧದಲ್ಲಿ ಸೋತ ಸೈನ್ಯದ ಜೊತೆ ಆಚೆ ದಡದಿಂದ ಸಮುದ್ರ ದಾಟಿ ಬಂದು ತೈವಾನಿನಲ್ಲೇ ಉಳಿದುಹೋದ ಸಿಪಾಯಿ.

ಬೂನ್‌ಹೋಕ್‌ನ ಅಪ್ಪನನ್ನು ಆಚೆಯ ಸಿಪಾಯಿಗಳು ಉಣ್ಣುತ್ತಿದ್ದಲ್ಲಿಂದ ಎಬ್ಬಿಸಿಕೊಂಡು ಹೋದಾಗ ಇವನಿನ್ನೂ ಚಿಕ್ಕ ಹುಡುಗ. ಅಪ್ಪ ಬರಲಿಲ್ಲ, ಹೆಣವೂ ಬರಲಿಲ್ಲ. ಆ ಸಿಪಾಯಿಗಳ ಮುಖ ಇವನಿಗೆ ನೆನಪಿಲ್ಲ. ನೆನಪಿದ್ದಿದ್ದರೆ ಆ ಮೂರು ನಾಲ್ಕು ಜನರನ್ನು ದ್ವೇಷಿಸಿ ಸುಮ್ಮನಾಗುತ್ತಿದ್ದನೋ ಏನೋ. ನೆನಪಿಲ್ಲವಲ್ಲ, ಎಲ್ಲರನ್ನೂ ದ್ವೇಷಿಸಬೇಕಾಯಿತು! ಬರುಬರುತ್ತಾ ಸಿಟ್ಟಿಗೆ ಹೊಸ ಹೊಸ ನೆಪಗಳು ಸಿಕ್ಕವು. ಆಚೆಯವರು ಬೆಳ್ಳುಳ್ಳಿ ನಾರುತ್ತಾರೆ, ಜಗಳವಾಡುವಂತೆ ಮಾತಾಡುತ್ತಾರೆ, ಅನ್ನ ಬಿಟ್ಟು ಹಿಟ್ಟಿನ ಉಂಡೆ ತಿನ್ನುತ್ತಾರೆ. ಅಪ್ಪ ಸತ್ತದ್ದಕ್ಕೂ ಬೆಳ್ಳುಳ್ಳಿಗೂ ಎಲ್ಲಿಗೆಲ್ಲಿಯ ಸಂಬಂಧ ಅಂತ ಕೇಳುವವರು ಯಾರು?

ಗಂಡನನ್ನು ಕಳೆದುಕೊಂಡ ಅಮ್ಮ ಮಾತ್ರ ಈ ದ್ವೇಷವನ್ನು ಕಲಿಯಲೇ ಇಲ್ಲ. "ಎಳಕೊಂಡು ಹೋದವರು ಬೇರೆ, ನನ್ನ ಅಳಿಯ ಬೇರೆ ಕಣೋ. ಅವನಿಗೂ ಆಚೆ ದಡದಲ್ಲಿ ಒಬ್ಬ ತಾಯಿ ಕಾಯ್ತಾ ಕೂತಿರ್ತಾಳೆ," ಅನ್ನುವಳು.

ಈ ಚಳಿಗಾಲ ಅವಳಿಗೆ ಉಸಿರಾಡುವುದೇ ಕಷ್ಟವಾಗಿತ್ತು. ಎರಡನೆಯ ದಿನ ಬೆಳಿಗ್ಗೆ ಗೋಡೆ ಹಿಡಿದು ಎದ್ದು ನಿಂತಳು. "ನೀನು ಹೋಗದಿದ್ರೆ ನಾನೇ ಹೋಗ್ತೀನಿ. ಮಗಳನ್ನ ಕರೆಯೋಕೆ ತಾಯೇ ಹೋದ್ಲು ಅಂತ ಊರವರು ಉಗೀಲಿ. ಸಾಯೋಕೆ ಮುಂಚೆ ನನ್ನ ಮಗಳನ್ನ ನೋಡ್ಬೇಕು, ಅಷ್ಟೇ."

ಬೂನ್‌ಹೋಕ್ ಗೊಣಗುತ್ತಲೇ ಹೊರಟ. ನಿಜ ಹೇಳಬೇಕೆಂದರೆ ಅವನಿಗೂ ತಂಗಿ ಬೇಕಾಗಿತ್ತು. ಅಪ್ಪ ಹೋದ ಮೇಲೆ ಅವಳನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗಿದವನು ಅವನೇ. ಬೀದಿಯಲ್ಲಿ ಯಾವಳಾದರೂ ಅವಳಂತೆ ನಕ್ಕರೆ ಈಗಲೂ ತಿರುಗಿ ನೋಡುತ್ತಿದ್ದ.

ಸಿಪಾಯಿಗಳ ಕೇರಿ ಬಿದಿರಿನ ಬೇಲಿಯೊಳಗಿತ್ತು. ಖಿಮ್‌ಳ ಮನೆಯ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಥೇಟ್ ಅವನ ಅಮ್ಮನ ಮುಖ! ಹುಡುಗಿ ಅವನ ಹಳೆ ಚಪ್ಪಲಿಯನ್ನೂ, ಊದುಬತ್ತಿಯ ಬಣ್ಣ ಹತ್ತಿ ಕೆಂಪಾದ ಕೈಗಳನ್ನೂ ನೋಡಿ ಒಳಗೆ ಓಡಿದಳು.

"ಅಮ್ಮಾ, ಯಾವನೋ ಈ ಊರಿನವನು ಬಂದಿದಾನೆ. ಗಲೀಜಾಗಿದಾನೆ. ಕಳ್ಳನೋ ಏನೋ, ಹೊರಗೆ ಹೋಗ್ಬೇಡ!"

ಅಂದದ್ದು ಆಚೆಯವರ ಭಾಷೆಯಲ್ಲಿ. ಸಂತೆಯಲ್ಲಿ ಕಿವಿಗೆ ಬಿದ್ದು ಬಿದ್ದು ಅವನಿಗೆ ಅಷ್ಟು ಅರ್ಥವಾಗುತ್ತಿತ್ತು. ನನ್ನ ತಂಗಿಯ ಮಗಳು, ಇವಳ ತಲೆಗೆ ಇದನ್ನು ಯಾರು ತುಂಬಿದರು ಎಂದು ಅವನು ಉರಿದುಹೋದ. ಮನೆಯಲ್ಲಿ ತಾನು ತನ್ನ ಮಕ್ಕಳಿಗೆ ಏನು ತುಂಬಿದ್ದೇನೆ ಎಂದು ಮಾತ್ರ ಯೋಚಿಸಲಿಲ್ಲ.

ಖಿಮ್ ಹೊರಗೆ ಬಂದವಳೇ ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಅಣ್ಣಾ! ನಿಜವಾಗ್ಲೂ ಬಂದ್ಯಾ?"

ಅವಳ ಹಿಂದೆ ಚೌ ಬಂದ. ಕೈಯೆಲ್ಲ ಹಿಟ್ಟು. "ಭಾವಾ, ಊಟ ಆಯ್ತಾ?" ಎಂದು ಈ ಊರಿನ ಮಾತನ್ನೇ ತೊದಲುತ್ತ ಕೇಳಿ, ಕರೆಗೆ ಕಾದು ನಿಂತ.

ಕರೆಯುವುದೊಂದೇ ಬಾಕಿ. ಆದರೆ ಬೂನ್‌ಹೋಕ್ ತಂಗಿಯ ಕಡೆಗಷ್ಟೇ ನೋಡಿದ. "ಅಮ್ಮನಿಗೆ ಮೈ ನೆಟ್ಟಗಿಲ್ಲ. ನೀನು ಬಾ. ಮಗೂನೂ ಕರ್ಕೊಂಡು ಬಾ."

"ಇವರು?"

ಬೂನ್‌ಹೋಕ್ ಬೇಲಿಯ ಕಡೆ ಮುಖ ತಿರುಗಿಸಿದ.

"ಹೋಗಿ ಬಾರೇ. ನಾನು ಮನೆ ನೋಡ್ಕೋತೀನಿ," ಎಂದ ಚೌ. "ನನ್ನಮ್ಮನ ಹತ್ರ ನಾನು ಹೋಗೋ ಹಾಗಿಲ್ಲ. ನಿನಗೆ ಆ ಗತಿ ಬೇಡ."

ಖಿಮ್ ಅಳುತ್ತಿದ್ದಳು. "ಗಂಡನನ್ನ ಹೊರಗೆ ನಿಲ್ಸಿ ತವರು ತುಳಿಯೋದು ಹೇಗೆ? ಅಣ್ಣಾ, ಒಂದೇ ಮಾತು. ಇವರ ಕಡೆ ತಿರುಗಿ 'ಬನ್ನಿ' ಅನ್ನು. ಸುಳ್ಳಿಗಾದ್ರೂ ಅನ್ನು. ಪ್ರತಿ ವರ್ಷ ಈ ದಿನ ಹೊಸ ಬಟ್ಟೆ ಹಾಕ್ಕೊಂಡು ತಯಾರಾಗಿ ಕೂತಿರ್ತೀನಿ. ಉಟ್ಟ ಬಟ್ಟೇಲೇ ಓಡಿ ಬರ್ತೀನಿ ಕಣೋ!"

ಬೂನ್‌ಹೋಕ್ ಚೌನ ಹಿಟ್ಟು ಮೆತ್ತಿದ ಕೈಗಳನ್ನು ನೋಡಿದ. ತಿರುಗಿ ನಡೆದುಬಿಟ್ಟ. ಬೇಲಿಯವರೆಗೂ "ಅಣ್ಣಾ, ಅಣ್ಣಾ" ಎಂಬ ಕೂಗು ಕೇಳುತ್ತಿತ್ತು.

ಮನೆಯಲ್ಲಿ ಅಮ್ಮ ತಲೆ ಬಾಚಿಕೊಂಡು ಬಾಗಿಲಲ್ಲೇ ಕೂತಿದ್ದಳು. ಅವನ ಬೆನ್ನ ಹಿಂದೆ ಇಣುಕಿ ನೋಡಿದಳು. "ಎಲ್ಲೋ ಅವರು?"

"ಬರಲ್ಲ."

"ಇಬ್ಬರನ್ನೂ ಕರೆದ್ಯಾ?"

"ಕರೆದೆ." ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಖಿಮ್ ಹೊರಟೇಬಿಟ್ಟಿದ್ಲು. ಅವನೇ ಬಿಡ್ಲಿಲ್ಲ."

ಅಮ್ಮ ಇನ್ನೊಮ್ಮೆ ಬೀದಿಯ ಕಡೆ ನೋಡಿದಳು. ಆಮೇಲೆ ಸೋತ ದನಿಯಲ್ಲಿ ಅಂದಳು, "ಆಚೆಯವರು ಆಚೆಯವರೇ ಕಣಪ್ಪಾ. ನೀನು ಬಡ್ಕೋತಾನೇ ಇದ್ದೆ, ನನಗೇ ಬುದ್ಧಿ ಇರ್ಲಿಲ್ಲ. ಆ ಜಾತೀನೇ ಅಷ್ಟು. ನನ್ನ ಗಂಡನನ್ನೂ ತಿಂದ್ರು, ಮಗಳನ್ನೂ ತಿಂದ್ರು."

ಇಷ್ಟು ವರ್ಷ ಅಮ್ಮನ ಬಾಯಲ್ಲಿ ಈ ಮಾತು ಬರಲಿ ಎಂದೇ ಕಾದಿದ್ದವನು ಬೂನ್‌ಹೋಕ್. ಈಗ ಅವನಿಗೆ ಅಳು ತಡೆಯಲಾಗಲಿಲ್ಲ.

"ಅಳಬೇಡ ಮಗನೇ, ನಿನ್ನ ತಪ್ಪೇನಿದೆ," ಎಂದು ಅಮ್ಮ ಅವನ ಕಣ್ಣೊರೆಸಿದಳು.