ಗಾಳಿಗೆ ಮುಂದಾದ ಶುಕೂರ್

ಅಬ್ದುಲ್ ಶುಕೂರ್ ಹಿಂದಿರುಗಿ ನೋಡುವವನಲ್ಲ ಎಂಬುದು ಬಂಟ್ವಾಳ ಪೇಟೆಗೆಲ್ಲ ತಿಳಿದ ಸಂಗತಿಯಾಗಿತ್ತು. ಬೆನ್ನ ಹಿಂದಿನಿಂದ ಎಷ್ಟೇ ಗಟ್ಟಿಯಾಗಿ ಕರೆದರೂ ಅವನು ನಿಂತಲ್ಲೇ ನಿಲ್ಲುತ್ತಿದ್ದನೇ ಹೊರತು ಕತ್ತು ಹೊರಳಿಸುತ್ತಿರಲಿಲ್ಲ. ಕರೆದವರೇ ಸುತ್ತಿ ಬಂದು ಅವನ ಮುಖದೆದುರು ನಿಲ್ಲಬೇಕು. ಇದನ್ನು ಅಹಂಕಾರವೆಂದು ತಿಳಿದವರೂ ಇದ್ದರು. ವಾಸ್ತವದಲ್ಲಿ ಅದು ಸೈಕಲ್ಲಿನಿಂದ ಅಂಟಿದ ಅಭ್ಯಾಸ. ಹಿಂದೆ ನೋಡಿದರೆ ಹ್ಯಾಂಡಲ್ ಓಲಾಡುತ್ತದೆ, ಹ್ಯಾಂಡಲ್ ಓಲಾಡಿದರೆ ಚಕ್ರಕ್ಕೆ ಚಕ್ರ ತಾಗುವಂತೆ ಹಿಂಬಾಲಿಸುವವನು ಬೀಳುತ್ತಾನೆ. ಈ ನಿಯಮವನ್ನು ಪುಣ್ಯಾತ್ಮ ಕಾಲ್ನಡಿಗೆಯಲ್ಲೂ ಪಾಲಿಸುತ್ತಿದ್ದ. ನಡೆಯುವುದೂ ಹಾಗೆಯೇ, ಎಲೆಯೂ ಅಲುಗದ ಮಧ್ಯಾಹ್ನದಲ್ಲಿ ಕೂಡ ತಲೆ ತಗ್ಗಿಸಿ, ಹೆಗಲು ಮುಂದೊಡ್ಡಿ, ಎದುರಿನಿಂದ ಯಾರೋ ತಳ್ಳುತ್ತಿದ್ದಾರೆ ಎಂಬಂತೆ.

ಐವತ್ತರ ದಶಕದ ಕೊನೆಯಲ್ಲಿ ಬಂಟ್ವಾಳದಿಂದ ಹೊರಟು ಮಡಂತ್ಯಾರು, ಗುರುವಾಯನಕೆರೆ, ವೇಣೂರು ದಾಟಿ ಮೂಡುಬಿದಿರೆಗೆ ವರ್ಷಕ್ಕೊಂದು ಸೈಕಲ್ ಪಂದ್ಯ ನಡೆಯುತ್ತಿತ್ತು. ಮೂವರು ಮೂವರ ತಂಡಗಳು. ಬಹುಮಾನದ ಬೆಳ್ಳಿ ಕಪ್ಪು ಮಾತ್ರ ಗುರಿಯಲ್ಲಿ ಕಟ್ಟಿದ ಹಗ್ಗವನ್ನು ಮೊದಲು ಮುಟ್ಟಿದ ಒಬ್ಬನಿಗೆ. ನಮ್ಮ ತಂಡದಲ್ಲಿ ಶುಕೂರ್, ಅಂಚೆ ಕಚೇರಿಯ ರಮಾನಾಥ ಮತ್ತು ನಾನು. ವೇಗದಲ್ಲಿ ರಮಾನಾಥನೇ ರಾಜ. ನಾನು ಲೆಕ್ಕ ಭರ್ತಿಗೆ ಇದ್ದವನು. ಶುಕೂರನ ಕೆಲಸವೆಂದರೆ ದಾರಿಯುದ್ದಕ್ಕೂ ಮುಂದಿದ್ದು ಗಾಳಿಯನ್ನೆಲ್ಲ ತಾನು ತಿನ್ನುವುದು, ಕೊನೆಯ ತಿರುವಿನಲ್ಲಿ ಎಡಕ್ಕೆ ಸರಿದು, ತನ್ನ ಮರೆಯಲ್ಲಿ ದಣಿಯದೆ ಬಂದ ರಮಾನಾಥನಿಗೆ ದಾರಿ ಬಿಡುವುದು. ಇದಕ್ಕಾಗಿಯೇ ಅವನು ತನ್ನ ಅಳತೆಗಿಂತ ಬಹಳ ಅಗಲವಾದ ಕಾಕಿ ಕೋಟೊಂದನ್ನು ಹೊಲಿಸಿಕೊಂಡಿದ್ದ. ಬನಿಯನ್ನಿನಲ್ಲಿ ಬಂದ ಬೇರೆ ತಂಡದವರು ಅದನ್ನು ನೋಡಿ ನಗುತ್ತಿದ್ದರು. ಕೋಟಿಗೆ ಸಿಕ್ಕಿದ ಗಾಳಿ ಹಿಂದಿನವರಿಗೆ ಸಿಗುವುದಿಲ್ಲ ಎಂದು ಅವನು ಅವರಿಗೆ ಗಂಭೀರವಾಗಿಯೇ ವಿವರಿಸುತ್ತಿದ್ದ.

ಅವನ ತಂದೆ ಬಾವಾ ಸಾಹೇಬರಿಗೆ ಪೇಟೆಯಲ್ಲಿ ದಿನಸಿ ಅಂಗಡಿ. ಪ್ರಾಯಕ್ಕೆ ಬಂದ ಮಗ ಪ್ರತಿವರ್ಷ ಬೆವರು ಸುರಿಸಿ ಬರಿಗೈಯಲ್ಲಿ ಬರುವುದನ್ನು ನೋಡಿ ನೋಡಿ ಅವರಿಗೆ ಸಾಕಾಗಿತ್ತು. ಈ ಸಲ ಮಗನ ಹೆಸರಿನ ಕಪ್ಪು ಮನೆಗೆ ಬಾರದಿದ್ದರೆ ಪಂದ್ಯವೂ ಸಾಕು, ಸೈಕಲ್ಲಿಗೆ ದೊಡ್ಡ ಕ್ಯಾರಿಯರ್ ಬಿಗಿದು ಮೆಣಸಿನ ಮೂಟೆ ಹೊರಿಸುವುದೇ ಸೈ ಎಂದು ಅವರು ಅಂಗಡಿಯಲ್ಲಿ ಗಿರಾಕಿಗಳೆದುರೇ ಸಾರಿದರು. ಆಡಿದ ಮಾತಿಗೆ ತಪ್ಪುವ ಮನುಷ್ಯ ಅವರಲ್ಲ. ಶುಕೂರನಿಗಾದರೋ ಸೈಕಲ್ ಪಂದ್ಯವನ್ನು ಬಿಟ್ಟು ಬೇರೊಂದು ಸುಖ ಗೊತ್ತಿರಲಿಲ್ಲ. ಎರಡು ಕಪ್ಪು ಗೆದ್ದಿದ್ದ ರಮಾನಾಥ ತಾನೇ ಮುಂದೆ ಬಂದು, ಈ ಸಲ ತಾನು ಹಿಂದೆ ಉಳಿಯುತ್ತೇನೆ, ಹಗ್ಗ ಶುಕೂರನೇ ಮುಟ್ಟಬೇಕು ಎಂದ. ಶುಕೂರ್ ಕೋಟಿನ ಗುಂಡಿ ಹಾಕಿಕೊಳ್ಳುತ್ತ "ನೋಡುವ" ಎಂದನಷ್ಟೇ.

ಆ ವರ್ಷ ಉದ್ಘಾಟಕರ ಕಾರು ತಡವಾಗಿ, ಭಾಷಣ ದೀರ್ಘವಾಗಿ, ಮುಂಜಾನೆಯ ಪಂದ್ಯ ಬಿಸಿಲೇರಿದ ಮೇಲೆ ಹೊರಟಿತು. ಗುರುವಾಯನಕೆರೆಯಲ್ಲಿ ಪಡುವಣಕ್ಕೆ ತಿರುಗುವಷ್ಟರಲ್ಲಿ ಕಡಲಗಾಳಿ ಎದ್ದಿತ್ತು. ಮಾರ್ಗದ ಧೂಳು ಎದ್ದು ಮುಖಕ್ಕೆ ಬಡಿಯುತ್ತಿತ್ತು, ಪೆಡಲು ತುಳಿದರೂ ಸೈಕಲ್ ಮುಂದೆ ಹೋಗಲೊಲ್ಲದು. ಶುಕೂರ್ ಮಾತ್ರ ತನ್ನ ಲಯ ಬಿಡದೆ ತುಳಿದ. ನಾವಿಬ್ಬರು ಆ ಕೋಟಿನ ಹಿಂದೆ ಅಡಗಿ ಒಂದೊಂದೇ ತಂಡವನ್ನು ದಾಟಿದೆವು. ವೇಣೂರು ಕಳೆದು, ಉಳಿದವರೆಲ್ಲ ಬಹಳ ಹಿಂದೆ ಬಿದ್ದು, ಮೂಡುಬಿದಿರೆಗೆ ಒಂದು ಮೈಲಿಯಷ್ಟೇ ಉಳಿದಿರುವಾಗ ರಮಾನಾಥನ ಹಿಂದಿನ ಚಕ್ರ ಪಂಕ್ಚರ್ ಆಯಿತು. ಅವನು ವಾಲಿ ನನ್ನ ಮೇಲೆ ಬಿದ್ದ. ಇಬ್ಬರೂ ಚರಂಡಿ ಸೇರಿದೆವು. ಕೂಗಿದೆ, ಬೆಲ್ ಬಾರಿಸಿದೆ. ಎದುರುಗಾಳಿ ಎರಡನ್ನೂ ಹಿಂದಕ್ಕೆ ಒಯ್ದಿತು. ಕಾಕಿ ಕೋಟು ತಿರುವಿನಲ್ಲಿ ಮರೆಯಾಯಿತು. ಹೋಗಲಿ, ಕಪ್ಪಂತೂ ಅವನಿಗೆ ಖಂಡಿತ ಎಂದು ನನಗೆ ನಿಜವಾಗಿ ಸಂತೋಷವೇ ಆಯಿತು.

ಮುಂದಿನದು ಮೂಡುಬಿದಿರೆಯವರು ಹೇಳಿ ತಿಳಿದದ್ದು. ಕೊನೆಯ ತಿರುವಿನಲ್ಲಿ ಶುಕೂರ್ ಒಬ್ಬನೇ ಕಾಣಿಸಿಕೊಂಡನಂತೆ. ಜನ ಚಪ್ಪಾಳೆ ತಟ್ಟಿದರು. ಹಗ್ಗ ಇನ್ನೇನು ಕೈಗೆಟಕುವ ದೂರದಲ್ಲಿದೆ ಎನ್ನುವಾಗ, ಮಾಡಿಕೊಂಡ ಒಪ್ಪಂದವನ್ನೆಲ್ಲ ಕಾಲುಗಳು ಮರೆತು, ವರ್ಷಗಳ ರೂಢಿಯಂತೆ ಅವನು ಎಡಕ್ಕೆ ಸರಿದು ದಾರಿ ಬಿಟ್ಟ. ಬಲಗಡೆಯಿಂದ ಯಾರೂ ಬರಲಿಲ್ಲ. ಆಗ ಅವನು ಕಾಲೂರಿ ನಿಂತು, ಹಿಂದಿರುಗಿ ನೋಡಿದ. ಬರಿದಾದ ಮಾರ್ಗವನ್ನು ಕಂಡವನೇ ಸೈಕಲನ್ನು ಎತ್ತಿ ತಿರುಗಿಸಿದ. ಸೋಡಾ ಅಂಗಡಿಯ ಹನೀಫಾ ಅಡ್ಡ ಬಂದು, ಹಗ್ಗ ಮುಟ್ಟಿ ಹೋಗು ಎಂದು ಅಂಗಲಾಚಿದನಂತೆ. ಕೇಳಿಸಿತೋ ಇಲ್ಲವೋ, ಅವನು ಬಂದ ದಾರಿಯಲ್ಲೇ ಹೊರಟುಹೋದ.

ನಾವು ಕುಂಟುತ್ತ ಸೈಕಲ್ ತಳ್ಳಿಕೊಂಡು ಬರುತ್ತಿದ್ದಾಗ ಅವನು ಎದುರಾದ. ನಮ್ಮ ಮೊಣಕಾಲುಗಳನ್ನು ಪರೀಕ್ಷಿಸಿ, ಮೂಳೆ ಮುರಿದಿಲ್ಲವೆಂದು ಖಚಿತಪಡಿಸಿಕೊಂಡ. ಅಷ್ಟರಲ್ಲಿ ಬೆಳ್ತಂಗಡಿಯ ಚಿನ್ನಯ್ಯ ನಮ್ಮನ್ನು ದಾಟಿ ಹೋಗಿ ಕಪ್ಪು ಗೆದ್ದ. ಬಾವಾ ಸಾಹೇಬರು ನುಡಿದಂತೆ ನಡೆದರು. ಮರುವಾರವೇ ಕ್ಯಾರಿಯರ್ ಬಂತು, ಮೂಟೆಯೂ ಬಂತು, ಶುಕೂರ್ ಮತ್ತೆಂದೂ ಪಂದ್ಯಕ್ಕೆ ಇಳಿಯಲಿಲ್ಲ. ನನಗೆ ಅವನ ಮೇಲೆ ಸಿಟ್ಟು ಬಂದಿತ್ತು, ಅದು ಬಹುಕಾಲ ಆರಲೂ ಇಲ್ಲ. ಕೆಲವು ವರ್ಷಗಳ ಮೇಲೆ ಒಮ್ಮೆ ಅವನನ್ನು ಕೇಳಿಯೇಬಿಟ್ಟೆ.

"ಹಗ್ಗ ಅಲ್ಲೇ ಇತ್ತಲ್ಲ ಮಾರಾಯ. ಮುಟ್ಟಿ ಬರ್ಬಹುದಿತ್ತಲ್ಲ?"

ಅವನು ಮೂಟೆಯ ಹಗ್ಗ ಬಿಗಿಯುವುದನ್ನು ನಿಲ್ಲಿಸಿದ.

"ಹೌದಲ್ಲ," ಎಂದ. "ಅದು ನನ್ನ ತಲೆಗೇ ಹೋಗ್ಲಿಲ್ಲ."

ಇಂಥವರನ್ನು ನಾವು ತ್ಯಾಗಿಗಳೆಂದು ಹೊಗಳುತ್ತೇವೆ, ಅದು ಸರಿಯಲ್ಲವೆಂದು ನನಗೆ ಈಗ ತೋರುತ್ತದೆ. ತನ್ನದು ಇಷ್ಟು, ಪರರದು ಇಷ್ಟು ಎಂದು ತೂಗಿ ನೋಡಿ, ತನ್ನದನ್ನು ಬಿಟ್ಟುಕೊಡುವವನು ತ್ಯಾಗಿ. ತಕ್ಕಡಿಯನ್ನೇ ಕೈಗೆತ್ತಿಕೊಳ್ಳದ ಈ ಜನ ಬೇರೆಯೇ ಒಂದು ಜಾತಿ. ಅವರು ಕಳೆದುಕೊಂಡದ್ದನ್ನು ಅವರ ಪರವಾಗಿ ಲೆಕ್ಕವಿಟ್ಟು ಸಂಕಟಪಡುವ ಕೆಲಸ ಅವರ ಹಿಂದೆ ಬಂದ ನಮ್ಮಂಥವರ ಪಾಲಿಗೆ ಉಳಿಯುತ್ತದೆ.