ಸುಬ್ಬಿ ಬೊಗಳಿದ ದಿನ

ಹಿತ್ತಲ ಬಾಗಿಲಲ್ಲಿ ಬಿಸಿಲು ಬಿದ್ದ ಕಡೆ ಸುಬ್ಬಿ ಅಂಗಾತ ಮಲಗಿತ್ತು. ಕರುಣಾ ಹೊಲಿಗೆ ಮಷಿನ್ ನಿಲ್ಲಿಸಿ ಬಂದು, ನಾಯಿಯ ಹೊಟ್ಟೆಯ ಮೇಲಿನ ಉಣ್ಣಿ ಹೆಕ್ಕುತ್ತ ಕೂತಿದ್ದಳು. ಹಿಂದಿನ ಮೊಲೆಯ ಹತ್ತಿರ ಅವಳ ಬೆರಳು ನಿಂತಿತು.

"ಅತ್ತೆ, ಇಲ್ಲಿ ನೋಡ್ರಿ. ಗಂಟು ಆಗೈತೆ. ಅಡಿಕೆಯಷ್ಟು ಐತೆ."

ಬಸಕ್ಕ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಇರ್ಲಿ ಬಿಡು. ಮುಟ್ಟಿ ಮುಟ್ಟಿ ದೊಡ್ಡದು ಮಾಡಬ್ಯಾಡ."

"ಶಿಕಾರಿಪುರದ ದನದ ಆಸ್ಪತ್ರೆಗೆ ಕರ್ಕೊಂಡು ಹೋಗಾಣ. ನಾಳೆ ಇವರ ಗಾಡಿ ಖಾಲಿ ಐತೆ."

"ಅಲ್ಲೇನು ಮಾಡ್ತಾರೆ? ಕುಯ್ತಾರೆ. ಗಂಟಿಗೆ ಕಬ್ಬಿಣ ತಾಗಿದ್ರೆ ಮುಗೀತು, ಮೈತುಂಬ ಹಬ್ಬುತ್ತೆ. ನಮ್ಮಕ್ಕ ಮಾಳಮ್ಮನ್ನ ನೋಡ್ಲಿಲ್ವಾ?"

ಚಂದ್ರಗುತ್ತಿಯ ಮಾಳಮ್ಮನಿಗೆ ಎದೆಯಲ್ಲಿ ಗಂಟಾಗಿತ್ತು. ಆಪರೇಷನ್ ಆಯಿತು. ಮುಂದಿನ ಯುಗಾದಿಗೆ ಅವಳು ಇರಲಿಲ್ಲ. ಆ ಮಾತು ಬಂದರೆ ಮನೆಯಲ್ಲಿ ಯಾರೂ ಎದುರು ಆಡುತ್ತಿರಲಿಲ್ಲ.

ಸೊಸೆ ಮತ್ತೆ ನಾಯಿಯ ಕಡೆ ತಿರುಗಿದಾಗ ಬಸಕ್ಕನ ಬಲಗೈ ತಾನಾಗಿಯೇ ಸೆರಗಿನೊಳಗೆ ಹೋಯಿತು. ಎಡಗಡೆ, ಕಂಕುಳ ಹತ್ತಿರ. ಅದು ಅಲ್ಲೇ ಇತ್ತು. ದೀಪಾವಳಿಗೆ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡುವಾಗ ಮೊದಲು ಕೈಗೆ ಸಿಕ್ಕಿದ್ದು. ನೋವಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಮಗನ ಹತ್ತಿರ ಆಡುವ ಮಾತಲ್ಲ, ಸೊಸೆಗೆ ಹೇಳಿದರೆ ಆಸ್ಪತ್ರೆ ಅನ್ನುತ್ತಾಳೆ. ಸಂಕ್ರಾಂತಿಗೆ ಹೊಸ ರವಿಕೆ ಹೊಲಿಯಲು ಕರುಣಾ ಟೇಪು ಹಿಡಿದು ಬಂದಾಗ, "ಟೇಪು ಬ್ಯಾಡ, ಇದನ್ನೇ ಅಳತೆಗೆ ಇಟ್ಕೋ. ಒಂಚೂರು ಸಡಿಲ ಇರ್ಲಿ" ಎಂದು ಹಳೆಯ ರವಿಕೆಯನ್ನು ಕೊಟ್ಟುಬಿಟ್ಟಿದ್ದಳು.

ಮರುದಿನ ಮಗ ತಿಪ್ಪೇಶ ಗೂಡ್ಸ್ ಆಟೋ ಬಾಗಿಲಿಗೆ ತಂದ. ಸುಬ್ಬಿ ಹತ್ತಲೊಲ್ಲದು. ಎತ್ತಿ ಕೂರಿಸಿದರೆ ಹಾರಿ ಇಳಿಯಿತು.

"ಅವ್ವ, ನೀನು ಹತ್ತಿದ್ರೆ ಅದೂ ಹತ್ತುತ್ತೆ. ಬಾ."

"ನಾಯಿಗೆ ಆಸ್ಪತ್ರೆ, ಅದಕ್ಕೆ ನಾನೊಬ್ಬಳು ಆಯಾ" ಎಂದು ಗೊಣಗುತ್ತಲೇ ಬಸಕ್ಕ ಹತ್ತಿದಳು. ಸುಬ್ಬಿ ಅವಳ ಕಾಲ ಬುಡಕ್ಕೆ ಬಂದು ಮುದುರಿಕೊಂಡಿತು.

ಓಣಿಯ ತಿರುವಿನಲ್ಲಿ ಗುಜರಿ ಗುಲಾಬ್ ಸಾಬ್ ತಳ್ಳುಗಾಡಿ ಹಿಡಿದು, "ಹಳೇ ಕಬ್ಬಿಣಾ, ಪಾತ್ರೇ, ಪೇಪರ್" ಎಂದು ಕೂಗುತ್ತ ಬರುತ್ತಿದ್ದ. ಸುಬ್ಬಿ ಎದ್ದು ನಿಂತು ಬೊಗಳಿತು. ಇಡೀ ಶಿರಾಳಕೊಪ್ಪದಲ್ಲಿ ಅದು ಬೇರೆ ಯಾರಿಗೂ ಹಾಗೆ ಬೊಗಳುತ್ತಿರಲಿಲ್ಲ.

"ನೋಡ್ರಿ ಬಸಕ್ಕ, ಗಾಡಿ ಹತ್ತಿದ್ರೂ ನಿಮ್ಮ ಮಗಳು ನನ್ನ ಬೈಯೋದು ಬಿಡಲಿಲ್ಲ!"

"ನೀವು ಹಂಗೆ ಅರಚಿದ್ರೆ ಇನ್ನೇನು ಮುತ್ತು ಕೊಡುತ್ತಾ ಸಾಬ್ರೇ?"

ಆಸ್ಪತ್ರೆಯ ಡಾಕ್ಟರ್ ಮೇಘನಾ ಚಿಕ್ಕ ವಯಸ್ಸಿನವರು. ಗಂಟನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ಕೇಳಿದರು. "ಯಾವಾಗಿಂದ ಇದೆ ಇದು?"

"ದೀಪಾವಳಿಯಿಂದ" ಎಂದಳು ಬಸಕ್ಕ.

ಕರುಣಾ ತಿರುಗಿ ನೋಡಿದಳು. "ದೀಪಾವಳಿಗೆ ಇದು ಮರಿ ಹಾಕಿತ್ತಲ್ಲ ಅತ್ತೆ. ನಾನೇ ದಿನಾ ಮೊಲೆಗೆ ಕೊಬ್ಬರಿ ಎಣ್ಣೆ ಹಚ್ತಿದ್ದೆ. ಆಗ ಏನೂ ಇರ್ಲಿಲ್ಲ."

"ನಂಗೇನು ಗೊತ್ತು. ಅಂದಾಜಿಗೆ ಹೇಳ್ದೆ."

ಕರುಣಾಳ ಕಣ್ಣು ಅತ್ತೆಯ ಸಡಿಲ ರವಿಕೆಯ ಮೇಲೆ ಒಂದು ಗಳಿಗೆ ನಿಂತು, ಕೆಳಗಿಳಿಯಿತು.

ಗಂಟು ತೆಗೆದು ಶಿವಮೊಗ್ಗಕ್ಕೆ ಪರೀಕ್ಷೆಗೆ ಕಳಿಸಬೇಕು, ಕ್ಯಾನ್ಸರ್ ಇರಬಹುದು ಎಂದರು ಡಾಕ್ಟರ್.

"ಕುಯ್ದರೆ ಹಬ್ಬಲ್ವೇನಮ್ಮ?" ಬಸಕ್ಕ ಕೇಳಿದಳು.

ಡಾಕ್ಟರ್ ನಗಲಿಲ್ಲ. "ತುಂಬ ಜನ ಹಾಗೆ ಹೇಳ್ತಾರೆ. ನೀವು ಯಾರಿಗಾದ್ರೂ ಹಾಗಾಗಿದ್ದು ನೋಡಿದ್ದೀರಾ?"

"ನಮ್ಮಕ್ಕಂಗೆ."

"ಅವರು ಡಾಕ್ಟರಿಗೆ ತೋರಿಸಿದಾಗ ಗಂಟು ಎಷ್ಟಿತ್ತು?"

ಬಸಕ್ಕನಿಗೆ ಎಲ್ಲ ನೆನಪಿತ್ತು. ಮಾಳಮ್ಮ ಸೆರಗು ಬಿಗಿದುಕೊಂಡೇ ಗದ್ದೆ ನಾಟಿಗೆ ಹೋಗುತ್ತಿದ್ದಳು. ರವಿಕೆ ಒದ್ದೆಯಾಗಿ ವಾಸನೆ ಬಂದ ಮೇಲೆ ಮನೆಯವರಿಗೆ ಗೊತ್ತಾಗಿತ್ತು.

"ಒಡೆದ ಮೇಲೆ" ಎಂದಳು ಸಣ್ಣಗೆ.

"ಅಷ್ಟು ಹೊತ್ತಿಗೆ ಹಬ್ಬಿ ಆಗಿರುತ್ತೆ ಅಮ್ಮ. ಹಬ್ಬಿದ್ದು ಕಣ್ಣಿಗೆ ಕಾಣಲ್ಲ, ಕುಯ್ದಿದ್ದು ಕಾಣುತ್ತೆ."

"ಇದು ಉಳಿಯುತ್ತಾ?"

"ನೋಡೋಣ. ಉಳಿದೇ ಉಳಿಯುತ್ತೆ ಅಂತ ಈಗ ಹೇಳೋಕಾಗಲ್ಲ."

ವಾಪಸ್ ಬರುವಾಗ ಬಸಕ್ಕ ಸುಬ್ಬಿಯ ತಲೆಯ ಮೇಲೆ ಕೈಯಿಟ್ಟು ಕೂತಿದ್ದಳು. ಇದು ಉಳಿದರೆ ನಾನೂ ಬಾಯಿ ಬಿಡುತ್ತೇನೆ, ಉಳಿಯದಿದ್ದರೆ ಈ ವಿಷಯ ನನ್ನ ಜೊತೆಗೇ ಮಣ್ಣಾಗಲಿ ಎಂದುಕೊಂಡಳು.

ಸಂಜೆ ಅಡುಗೆಮನೆಯಲ್ಲಿ ಕರುಣಾ ತಡೆತಡೆದು ಕೇಳಿದಳು. "ಅತ್ತೆ, ನಿಮಗೇನಾದ್ರೂ..."

"ನಂಗೇನು ಧಾಡಿ? ಹೋಗು, ನಾಯಿ ನೋಡ್ಕೋ."

ಆಪರೇಷನ್ ಆಯಿತು. ಪರೀಕ್ಷೆಯಲ್ಲಿ ಕ್ಯಾನ್ಸರೇ ಎಂದು ಬಂತು. ಕೆಲವು ವಾರ ಡ್ರಿಪ್‌ನಲ್ಲಿ ಇಂಜೆಕ್ಷನ್ ಕೊಡಬೇಕೆಂದರು. ಹೊಲಿಗೆ ನೆಕ್ಕಬಾರದೆಂದು ಕರುಣಾ ಅತ್ತೆಯ ಹಳೆಯ ಲಂಗ ಕತ್ತರಿಸಿ ಸುಬ್ಬಿಗೆ ನಾಲ್ಕು ಕಾಲಿಗೂ ತೂತಿರುವ ಅಂಗಿ ಹೊಲಿದಳು. ಅತ್ತೆಯನ್ನು ಮತ್ತೆ ಕೆದಕಲಿಲ್ಲ. ಆದರೆ ಇಂಜೆಕ್ಷನ್ನಿಗೆ ಹೋಗುವ ದಿನ ಅತ್ತೆಯನ್ನು ಒಮ್ಮೆಯೂ ಮನೆಯಲ್ಲಿ ಬಿಟ್ಟು ಹೋಗಲಿಲ್ಲ. ಅತ್ತೆ ಇದ್ದರೇ ನಾಯಿ ಗಾಡಿ ಹತ್ತುವುದು ಎಂಬ ನೆಪ ಇದ್ದೇ ಇತ್ತು.

ಇಂಜೆಕ್ಷನ್ ಆದ ಮೇಲೆ ಸುಬ್ಬಿ ವಾಂತಿ ಮಾಡುತ್ತಿತ್ತು. ಅದರ ಗಲೀಜನ್ನು ಬರಿಗೈಯಲ್ಲಿ ಮುಟ್ಟಬಾರದೆಂದು ಡಾಕ್ಟರ್ ಹೇಳಿದ್ದರಿಂದ ಕರುಣಾ ಗ್ಲೌಸ್ ಹಾಕಿಕೊಂಡು ತೊಳೆಯುತ್ತಿದ್ದಳು. ಬಸಕ್ಕ ಅಕ್ಕಿ ಗಂಜಿ ಕಾಯಿಸಿ, ಮೊಸರು ಬೆರೆಸಿ, ಬೆರಳಲ್ಲಿ ಅದ್ದಿ ಅದರ ಬಾಯಿಗೆ ಹಚ್ಚುತ್ತಿದ್ದಳು.

"ನಂಗೆ ಜ್ವರ ಬಂದಾಗ ಹಿಂಗೆ ಮಾಡಿದ್ಯೇನವ್ವ?" ಎಂದ ತಿಪ್ಪೇಶ.

"ನಿಂಗೆ ಜ್ವರ ಬಂದಾಗಲೂ ಎರಡು ತಟ್ಟೆ ಬೇಕಿತ್ತು. ಸುಮ್ನಿರು."

ಗುಲಾಬ್ ಸಾಬ್ ಈಗ ಓಣಿಗೆ ಬಂದರೆ ಕೂಗುತ್ತಿರಲಿಲ್ಲ. ಬಾಗಿಲಲ್ಲಿ ಗಾಡಿ ನಿಲ್ಲಿಸಿ ಇಣುಕುತ್ತಿದ್ದ. "ಇವತ್ತೂ ಬೈಯಲ್ವಂತಾ?" ಸುಬ್ಬಿ ಕಣ್ಣು ಬಿಟ್ಟು ನೋಡಿ ಮುಚ್ಚಿಕೊಳ್ಳುತ್ತಿತ್ತು.

ಒಂದು ದಿನ ಗಂಜಿಯನ್ನೂ ಮುಟ್ಟಲಿಲ್ಲ. ಬಸಕ್ಕ ಬಟ್ಟಲು ಕುಕ್ಕಿದಳು. "ನೋಡಿದ್ಯಾ? ಕಬ್ಬಿಣ ತಾಗಿಸಿದ್ರಿ. ನಾನು ಬ್ಯಾಡ ಅಂದಿದ್ದೆ."

ಯಾವತ್ತೂ ಎದುರಾಡದ ಕರುಣಾ ಗ್ಲೌಸ್ ಕಳಚುತ್ತ ಎದ್ದು ನಿಂತಳು. "ಔಷಧಿಯಿಂದ ಸುಸ್ತು ಅತ್ತೆ, ಇಳಿಯುತ್ತೆ ಅಂದಾರೆ. ಮುಟ್ಟದೇ ಮುಚ್ಚಿಟ್ಟಿದ್ರೆ ಅದು ಹಂಗೇ ಇರ್ತಿತ್ತಾ? ಮಾಳಮ್ಮ ದೊಡ್ಡತ್ತೆ ಮುಚ್ಚಿಟ್ಟಿದ್ರಲ್ಲ, ಹಂಗೇ ಇತ್ತಾ?"

ಬಸಕ್ಕ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಕೊನೆಯ ಇಂಜೆಕ್ಷನ್ ಆಗಿ ಸ್ವಲ್ಪ ದಿನ ಕಳೆದಿತ್ತು. ಸುಬ್ಬಿ ಗಂಜಿ ನೆಕ್ಕತೊಡಗಿತ್ತು, ಆದರೆ ಮೂಲೆ ಬಿಟ್ಟು ಏಳುತ್ತಿರಲಿಲ್ಲ. ಬೆಳಿಗ್ಗೆ ಬಸಕ್ಕ ದೋಸೆ ಹುಯ್ಯುತ್ತಿದ್ದಾಗ ಬಾಗಿಲ ಕಡೆ ತಳ್ಳುಗಾಡಿಯ ಸದ್ದಾಯಿತು. ಅದರ ಹಿಂದೆಯೇ ಒಂದು ಬೊಗಳು. ಗೊಗ್ಗರು, ಒಡಕು. ಮತ್ತೊಂದು, ಅದಕ್ಕಿಂತ ಜೋರು.

"ಬೈದಳು! ಬಸಕ್ಕ, ಬರ್ರೀ, ಬೈದಳು!" ಗುಲಾಬ್ ಸಾಬ್ ಗಾಡಿ ಬಿಟ್ಟು ಎರಡೂ ಕೈ ಮೇಲೆತ್ತಿದ್ದ. ಲಂಗದ ಅಂಗಿ ತೊಟ್ಟ ಸುಬ್ಬಿ ಹೊಸ್ತಿಲ ಮೇಲೆ ನಿಂತು, ಬಾಲ ನೆಟ್ಟಗೆ ಮಾಡಿಕೊಂಡು ಅವನನ್ನು ಬಾಯಿಗೆ ಬಂದಂತೆ ಬೈಯುತ್ತಿತ್ತು.

ಬಸಕ್ಕ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಾವಲಿಯ ಮೇಲಿನ ದೋಸೆ ಸೀದುಹೋಯಿತು. ಅವಳು ಒಲೆ ಆರಿಸಿ ಸೊಸೆಯನ್ನು ಕೋಣೆಗೆ ಕರೆದು ಬಾಗಿಲು ಹಾಕಿದಳು. ಏನೂ ಹೇಳದೆ ಅವಳ ಕೈ ಹಿಡಿದು ತನ್ನ ಎಡ ಕಂಕುಳ ಹತ್ತಿರ ಇಟ್ಟುಕೊಂಡಳು.

ಕರುಣಾಳ ಬೆರಳು ನಿಂತಿತು.

"ಬೈಯಬ್ಯಾಡ ಕಣೇ" ಎಂದಳು ಬಸಕ್ಕ.

"ಇಲ್ಲ ಅತ್ತೆ. ಸೀರೆ ಬದಲಾಯಿಸ್ರಿ. ಶಿವಮೊಗ್ಗದ ಬಸ್ಸಿಗೆ ಹೊತ್ತೈತೆ."

ಅಲ್ಲಿಯೂ ಕ್ಯಾನ್ಸರೇ ಎಂದರು. ಆದರೆ ಗಂಟು ಬಿಟ್ಟು ಬೇರೆಲ್ಲೂ ಹಬ್ಬಿಲ್ಲ ಎಂದರು. ಇನ್ನೊಂದು ವರ್ಷ ಬಿಟ್ಟಿದ್ದರೆ ಕಷ್ಟವಿತ್ತು, ಈಗ ಹೆದರಬೇಡಿ ಎಂದರು. ಆ ಮಾತು ಕೇಳಿ ತಿಪ್ಪೇಶ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟ.

ಆಪರೇಷನ್ ಮುಗಿದು, ಔಷಧಿಯ ಸುಸ್ತು ಇಳಿದು, ಬಸಕ್ಕ ಮೊದಲಿನ ಹಾಗೆ ಹೊಸ್ತಿಲಲ್ಲಿ ಕೂರುವ ಹೊತ್ತಿಗೆ ಮತ್ತೊಂದು ದೀಪಾವಳಿ ಹತ್ತಿರ ಬಂದಿತ್ತು. ಕರುಣಾ ಹೊಸ ರವಿಕೆಗೆ ಬಟ್ಟೆ ಹರಡಿ, ಪೆಟ್ಟಿಗೆಯಿಂದ ಅತ್ತೆಯ ಹಳೆಯ ರವಿಕೆ ತೆಗೆದಳು.

"ಅದು ಈಗ ಅಳತೆಗೆ ಬರಲ್ಲ" ಎಂದಳು ಬಸಕ್ಕ. "ಟೇಪು ತಾ."

ಅವಳು ಎದ್ದು ನಿಂತು ಎರಡೂ ಕೈ ಅಗಲಿಸಿದಳು. ಎಡಗೈ ಇನ್ನೂ ಪೂರ್ತಿ ಏಳುತ್ತಿರಲಿಲ್ಲ. ರವಿಕೆ ಹೊಲಿಸಲು ಬಂದಿದ್ದ ಪಕ್ಕದ ಮನೆಯ ಹುಚ್ಚಮ್ಮ ಬಟ್ಟೆಯ ಚೀಲ ಎದೆಗವುಚಿಕೊಂಡು ಬಾಗಿಲಲ್ಲೇ ನಿಂತು ನೋಡುತ್ತಿದ್ದಳು.

"ಕುಯ್ದಾಗ ನೋವಾಯ್ತಾ ಬಸಕ್ಕ?" ಮೆಲ್ಲಗೆ ಕೇಳಿದಳು.

"ಆಯ್ತು. ಹೋಯ್ತು. ಯಾಕೆ ಅಲ್ಲೇ ನಿಂತೆ? ಒಳಗೆ ಬಾ."

ಹುಚ್ಚಮ್ಮ ಒಳಗೆ ಬಂದಳು. ಚೀಲ ಕೆಳಗಿಟ್ಟು ಬಾಗಿಲನ್ನು ಅವಳೇ ಮುಂದೆ ಮಾಡಿದಳು. ಅವಳ ಒಂದು ಕೈ ಸೆರಗಿನೊಳಗಿತ್ತು.

"ಸಡಿಲ ಇರ್ಲಾ ಅತ್ತೆ?" ಟೇಪು ಹಿಡಿದ ಕರುಣಾ ಕೇಳಿದಳು.

"ಬ್ಯಾಡ. ಮೈಗೆ ಎಷ್ಟು ಬೇಕೋ ಅಷ್ಟೇ ಇಡು."

ಹೊರಗೆ ಓಣಿಯ ತಿರುವಿನಲ್ಲಿ "ಹಳೇ ಕಬ್ಬಿಣಾ" ಎಂಬ ಕೂಗು ಕೇಳಿತು. ಸುಬ್ಬಿ ಆಗಲೇ ಶುರು ಮಾಡಿತ್ತು.